ಗಾಳೆಮ್ಮನ ಮಿಸ್ ಕಾಲ್

ಆದದ್ದು ಆಗಿಹೋಯಿತು, ಮರೆತುಬಿಡಿ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರು ತಾವು ಏನನ್ನೂ ಕಳೆದುಕೊಂಡಿರುವುದಿಲ್ಲ, ಇಲ್ಲವೇ ಕಿತ್ತುಕೊಂಡವರ ಕಡೆಯವರಾಗಿರುತ್ತಾರೆ. ಬಂಡ್ರಿಯ ಗಾಳೆಮ್ಮ ಮರೆಯಲಿಲ್ಲ. ಜನ ಅವಳನ್ನು ಹಟಮಾರಿ ಎಂದರು, ಬಾಯಿಬಡುಕಿ ಎಂದರು, ಹೆಣ್ಣು ಹುಡುಗಿಗೆ ಇಷ್ಟು ಛಲ ಒಳ್ಳೆಯದಲ್ಲ ಎಂದರು. ಅನ್ನಲಿ. ಅವಳಿಗೆ ಏನು ಮಾಡಿದರು, ಅವಳು ತಿರುಗಿ ಏನು ಮಾಡಿದಳು ಎಂಬುದನ್ನು ಪಕ್ಕದಲ್ಲೇ ಕೂತು ನೋಡಿದವನು ನಾನು. ನಾನು ಹೇಳುವುದೆಲ್ಲ ಅವಳ ಕಡೆಯಿಂದಲೇ ಇರುತ್ತದೆ. ಎರಡೂ ಕಡೆ ತೂಗಿ ಮಾತಾಡುವ ದೊಡ್ಡತನ ನನಗಿಲ್ಲ.

ನನ್ನ ಹೆಸರು ಹಾಲೇಶ್. ಅದಿರಿಗೆ ಚಿನ್ನದ ಬೆಲೆ ಬಂದಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಸಣ್ಣ ಸೈಬರ್ ಕೆಫೆ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕೀಬೋರ್ಡ್ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೆಂಪು ಧೂಳು. ಹಂಪಿಗೆ ಬಂದ ವಿದೇಶಿಯರು ಮೇಲ್ ನೋಡಲು ಬರುತ್ತಿದ್ದರು, ಕಾಲೇಜು ಹುಡುಗರು ರಿಸಲ್ಟ್ ನೋಡಲು ಬರುತ್ತಿದ್ದರು, ಮೈನ್ಸ್ ಆಫೀಸಿನವರು ಚೀನಾದ ಅದಿರಿನ ದರ ನೋಡಲು ಬರುತ್ತಿದ್ದರು. ಗಾಳೆಮ್ಮ ಬಂದದ್ದು ಜಗಳ ತೆಗೆಯಲು. ಮೊದಲ ದಿನವೇ ಕುರ್ಚಿ ಎಳೆದುಕೊಂಡು ಕೂತು, ಪರದೆಯ ಮೇಲೆ ಬೆರಳಿಟ್ಟು, "ಅಣ್ಣಾ, ಈ ನೀಲಿ ಇ ಯಾಕ ಇಟ್ಟೀ?" ಎಂದಳು.

ನೀಲಿ ಇ ಎಂದರೆ ಆಗ ಕಂಪ್ಯೂಟರಿನ ಜೊತೆಗೇ ಬರುತ್ತಿದ್ದ ಬ್ರೌಸರು. ನಮ್ಮ ಕಡೆ ಅದನ್ನು ಯಾರೂ ಬ್ರೌಸರು ಎನ್ನುತ್ತಿರಲಿಲ್ಲ, ನೆಟ್ಟು ಎಂದರೆ ಅದೇ.

"ಅದು ಕಂಪ್ಯೂಟರ್ ಜೊತಿಗೇ ಬಂದೈತವ್ವ. ನಾ ಏನ್ ತಂದು ಇಟ್ಟಿಲ್ಲ," ಎಂದೆ.

"ಜೊತಿಗೆ ಬಂತು ಅಂತ ಇಟ್ಕಂಡ್ರ ಅದು ಅವ್ರದ್ದು. ನೀ ಆರಿಸಿ ತಂದ್ರ ಅದು ನಿಂದು. ಇಷ್ಟು ತಿಳೀಲಿಲ್ಲಂದ್ರ ಅಂಗಡಿ ಯಾಕ ಹಾಕ್ದಿ?"

ನನ್ನ ಅಂಗಡಿಯಲ್ಲಿ ಕೂತು ನನಗೇ ಬೈದಳು. ನಾನು ತಿರುಗಿ ಬೈಯುವಷ್ಟರಲ್ಲಿ ನಾಲ್ಕೂ ಕಂಪ್ಯೂಟರಿಗೆ ಬೆಂಕಿ ನರಿಯ ಚಿತ್ರವಿದ್ದ ಬೇರೆ ಬ್ರೌಸರು ಇಳಿಸಿ, ನೀಲಿ ಇ ಅನ್ನು ಅಡಗಿಸಿಬಿಟ್ಟಿದ್ದಳು. ಮರುದಿನ ಬಂದ ಗಿರಾಕಿಗಳೆಲ್ಲ ಪರದೆ ನೋಡಿ, "ಹಾಲೇಶಣ್ಣಾ, ನಿನ್ನ ನೆಟ್ ಹೋಗೈತಿ," ಎಂದು ಎದ್ದು ಎದುರಿನ ಕೆಫೆಗೆ ಹೋದರು. ನಾನು ಕೂಗಾಡಿದೆ. ಅವಳು ನರಿಯ ಚಿತ್ರದ ಕೆಳಗೆ ನೆಟ್ ಎಂದು ಕನ್ನಡದಲ್ಲಿ ಬರೆದಳು, ಅಷ್ಟೆ. ಅದರ ಮಾರನೆಯ ದಿನದಿಂದ ಎಲ್ಲರೂ ಏನೂ ಆಗದವರಂತೆ ಅದನ್ನೇ ಒತ್ತತೊಡಗಿದರು. ಆಮೇಲೆ ನನಗೂ ಅವಳಿಗೂ ಸ್ನೇಹವಾಯಿತು. ಸ್ನೇಹ ಅಂದರೆ ಅವಳು ಬೈಯುವುದು, ನಾನು ಕೇಳುವುದು.

ಅವಳ ಅಪ್ಪ ಮೂಕಣ್ಣ ಹಮಾಲಿ. ಸಂಡೂರು ರಸ್ತೆಯ ಒಂದು ಅದಿರಿನ ಯಾರ್ಡಿನಲ್ಲಿ ಲಾರಿ ಹತ್ತಿ ತಾಡಪಾಲು ಬಿಚ್ಚುವುದು, ಖಾಲಿಯಾದ ಮೇಲೆ ಮಡಚಿ ಕಟ್ಟುವುದು ಅವನ ಕೆಲಸ. ಮಗಳನ್ನು ಬಿಸಿಎ ಓದಿಸಿದ. ಓದು ಮುಗಿದಾಗ ಬಳ್ಳಾರಿಯಲ್ಲಿ ಒಂದು ಕಂಪನಿಯವರು ಸಂದರ್ಶನಕ್ಕೆ ಕರೆದಿದ್ದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳಂತೆ. ಕೊನೆಗೆ ಟೈ ಕಟ್ಟಿದವನೊಬ್ಬ ನಗುತ್ತ, ಗಾಳೆಮ್ಮ ಅಂದರೆ ಕ್ಲೈಂಟುಗಳಿಗೆ ಕರೆಯಲು ಕಷ್ಟ, ಗಾಯತ್ರಿ ಅಂತ ಇಟ್ಟುಕೊಳ್ಳಬಹುದಲ್ಲ ಎಂದನಂತೆ. ಅವಳು ಎದ್ದು ಬಂದುಬಿಟ್ಟಳು.

"ಹುಚ್ಚೇನವ್ವ ನಿನಗ?" ಎಂದು ನಾನು ಬೈದೆ. "ಅಂಥಾ ನೌಕರಿ!"

"ನಮ್ಮೂರ ದೇವಿ ಹೆಸರದು, ನಮ್ಮಪ್ಪ ಇಟ್ಟಿದ್ದು. ಕೆಲಸ ಕೊಡೋಕ ಮುಂಚೇನ ಹೆಸರು ಕಿತ್ಕಂತಾರಂದ್ರ, ಕೆಲಸ ಕೊಟ್ಟ ಮ್ಯಾಗ ಇನ್ನೇನೇನ್ ಕಿತ್ಕಂತಾರ? ಎಲ್ಲಾರೂ ಕೇಳ್ತಾರ, ಯಾವ ಕಂಪನಿ, ಯಾವ ಕಂಪನಿ. ಏನ್ ಮಾಡೀಯಂತ ಒಬ್ರೂ ಕೇಳಲ್ಲ. ನಾ ಮಾಡಿದ್ದನ್ನ ತೋರಿಸಿ, ಇದು ಗಾಳೆಮ್ಮ ಮಾಡಿದ್ದು ಅನ್ನಬೇಕು. ಅದು ನೌಕರಿ."

ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ತಾನು ಮಾಡಿದ್ದಕ್ಕೆ ತನ್ನ ಹೆಸರು. ಇದಕ್ಕಿಂತ ಹೆಚ್ಚಿಗೆ ಅವಳು ಯಾರಿಂದಲೂ ಏನನ್ನೂ ಕೇಳಿದ್ದನ್ನು ನಾನು ನೋಡಿಲ್ಲ. ಅಷ್ಟನ್ನೂ ಕೊಡಲಾರದೆ ಹೋದವನು ದೊಡ್ಡಬಸಪ್ಪ.

ದೊಡ್ಡಬಸಪ್ಪ ಕಂಪ್ಲಿಯ ಅಕ್ಕಿ ಗಿರಣಿ ಸಾವ್ಕಾರ. ಅಕ್ಕಿಯಲ್ಲಿ ತಲೆಮಾರುಗಳಿಂದ ಬಾರದ್ದು ಅದಿರಿನಲ್ಲಿ ಒಂದೇ ಮಳೆಗಾಲಕ್ಕೆ ಬರುತ್ತದೆ ಎಂದು ಗೊತ್ತಾದ ಕೂಡಲೆ ಸಂಡೂರು ರಸ್ತೆಯಲ್ಲಿ ಜಾಗ ಹಿಡಿದು ಯಾರ್ಡ್ ಮಾಡಿದ. ಮೂಕಣ್ಣ ತಾಡಪಾಲು ಬಿಚ್ಚುತ್ತಿದ್ದದ್ದು ಅಲ್ಲೇ. ಗಣಿಯಿಂದ ಬಂದ ಲಾರಿಗಳು ಅಲ್ಲಿ ತೂಕವಾಗಿ, ಅದಿರು ಸುರಿದು ಹೋಗಬೇಕು, ಅಲ್ಲಿಂದ ಅದು ರೈಲಿಗೆ ಏರುತ್ತಿತ್ತು. ಗೇಟಿನ ಮುಂದೆ ಕಣ್ಣು ಹಾಯುವವರೆಗೂ ಲಾರಿ ಸಾಲು. ಸಾಲು ಯಾವಾಗ ಮುಂದೆ ಸರಿಯುತ್ತದೋ ಗೊತ್ತಿಲ್ಲದ್ದರಿಂದ ಡ್ರೈವರುಗಳು ಉಣ್ಣಲು ಇಳಿಯುವ ಹಾಗಿಲ್ಲ, ಮೈ ತೊಳೆಯಲು ಹೋಗುವ ಹಾಗಿಲ್ಲ. ಇಳಿದರೆ ಹಿಂದಿನವನು ಮುಂದೆ ನುಗ್ಗುತ್ತಾನೆ. ಗೇಟಿನ ಗುಮಾಸ್ತ ಎರ್ರೆಪ್ಪನ ಕೈ ಬೆಚ್ಚಗೆ ಮಾಡಿದವರು ಹೇಗೂ ಮುಂದೆ ಹೋಗುತ್ತಿದ್ದರು. ದಿನಕ್ಕೊಂದು ಹೊಡೆದಾಟ ಇದ್ದೇ ಇತ್ತು.

ಅಪ್ಪನಿಗೆ ಬುತ್ತಿ ಕೊಡಲು ಹೋಗುತ್ತಿದ್ದ ಗಾಳೆಮ್ಮ ಇದನ್ನೆಲ್ಲ ನೋಡಿದಳು. ನನ್ನ ಕೆಫೆಗೆ ಬಂದು ಅದನ್ನೇ ಮಾತಾಡುತ್ತಿದ್ದಳು. "ಅಣ್ಣಾ, ಸಾವ್ಕಾರ್ರ ಹತ್ರ ಇರೋ ಫೋನ್ ನೋಡೀಯಲ್ಲ, ಅದ್ರಾಗ ಕ್ಯಾಮೆರಾ, ಹಾಡು, ಎಲ್ಲಾ ಅದಾವ. ಆದ್ರ ಆ ಫೋನು ಏನೂ ಕೆಲಸ ಮಾಡಲ್ಲ. ಡ್ರೈವರ್ ಕಿಸೆದಾಗ ಬ್ಯಾಲೆನ್ಸ್ ಇಲ್ದ ಡಬ್ಬಿ ಐತಲ್ಲ, ಅದೇ ನಿಜವಾದ ಕಂಪ್ಯೂಟರು. ಬ್ರೌಸರು ಕುಂತವರಿಗೆ, ಫೋನು ಓಡಾಡೋರಿಗೆ. ನಮ್ಮ ದೇಶದಾಗ ಕುಂತವರೆಷ್ಟು, ಓಡಾಡೋರೆಷ್ಟು, ನೀನ ಹೇಳು."

ನಾನು ಕೂತವನು, ಕೀಬೋರ್ಡ್ ಒರೆಸತೊಡಗಿದೆ.

ಬ್ಯಾಲೆನ್ಸ್ ಇಲ್ಲದವರ ಭಾಷೆ ಎಂದರೆ ಮಿಸ್ ಕಾಲ್. ಒಂದು ರಿಂಗು ಕೊಟ್ಟು ಕತ್ತರಿಸಿದರೆ ಬಂದೆ ಎಂದು, ಎರಡು ಕೊಟ್ಟರೆ ಹೊರಟೆ ಎಂದು, ದುಡ್ಡಿಲ್ಲದೆ ಊರೆಲ್ಲ ಮಾತಾಡುತ್ತಿತ್ತು. ಗಾಳೆಮ್ಮ ಅದನ್ನೇ ಹಿಡಿದಳು. ಒಂದು ಹಳೆಯ ಫೋನಿಗೆ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದಳು. ಡ್ರೈವರು ಯಾರ್ಡಿನ ಹತ್ತಿರ ಬಂದು ಮಿಸ್ ಕಾಲ್ ಕೊಟ್ಟರೆ ಅವನ ನಂಬರು ನೋಡಿ ಕಂಪ್ಯೂಟರು ಅವನ ಲಾರಿಯನ್ನು ಸರದಿಗೆ ಸೇರಿಸುತ್ತದೆ. ಖಾಲಿ ಮಾಡಿ ಹೊರಟವನು ಇನ್ನೊಂದು ಕೊಟ್ಟರೆ ಸರದಿ ಮುಂದೆ ಸರಿಯುತ್ತದೆ. ಸರದಿ ಹತ್ತಿರ ಬಂದಾಗ ಕಂಪ್ಯೂಟರೇ ಅವನಿಗೆ ತಿರುಗಿ ಮಿಸ್ ಕಾಲ್ ಕೊಡುತ್ತದೆ. ಯಾರೂ ಫೋನ್ ಎತ್ತುವ ಹಾಗಿಲ್ಲ, ಯಾರಿಗೂ ಖರ್ಚಿಲ್ಲ. ಅಲ್ಲಿಯವರೆಗೆ ಡ್ರೈವರು ಉಣ್ಣಲಿ, ಮಲಗಲಿ, ಕಾಲುವೆಗೆ ಹೋಗಿ ಈಜು ಹೊಡೆಯಲಿ. ಆ ಪ್ರೋಗ್ರಾಮನ್ನು ಅವಳು ನನ್ನ ಮೂಲೆಯ ಕಂಪ್ಯೂಟರಿನಲ್ಲಿ ಕೂತು ಬರೆದಳು. ತಪ್ಪಾದಾಗ ಟೇಬಲ್ ಗುದ್ದುತ್ತಿದ್ದಳು, ಸರಿಯಾದಾಗಲೂ ಗುದ್ದುತ್ತಿದ್ದಳು.

ಅದನ್ನು ಯಾರ್ಡಿನ ಕಂಪ್ಯೂಟರಿಗೆ ಹಾಕುತ್ತೇನೆ ಎಂದಾಗ ಸಾವ್ಕಾರ ಮೊದಲು ನಕ್ಕ. ಬರೆದದ್ದು ನಡೆಯತೊಡಗಿದ ಮೇಲೆ ನಗು ನಿಲ್ಲಿಸಿ, ಅದನ್ನು ನೋಡಿಕೊಳ್ಳಲು ಅವಳನ್ನೇ ಕೆಲಸಕ್ಕೆ ಇಟ್ಟುಕೊಂಡ. ಆ ಕಾಲದಲ್ಲಿ ಅದಿರು ಬೇಕಾದಷ್ಟಿತ್ತು, ಲಾರಿಗಳೇ ಸಾಲುತ್ತಿರಲಿಲ್ಲ. ಡ್ರೈವರುಗಳು ಎಲ್ಲಿ ಸುಖವಾಗಿ ಖಾಲಿಯಾಗುತ್ತದೋ ಆ ಯಾರ್ಡಿಗೆ ಹೋಗಲು ಮಾಲೀಕರ ಹತ್ತಿರ ಹಟ ಹಿಡಿಯುತ್ತಿದ್ದರು. ದೊಡ್ಡಬಸಪ್ಪನ ಯಾರ್ಡಿಗೆ ಲಾರಿಗಳು ತಾವಾಗಿಯೇ ಬರತೊಡಗಿದವು. ಆಂಧ್ರದ ಡ್ರೈವರುಗಳಿಗೂ ಆ ನಂಬರು ಬಾಯಿಪಾಠವಾಗಿತ್ತು, ಕೆಲವರು ಕ್ಯಾಬಿನ್ನಿನೊಳಗೆ ದೇವರ ಪಟದ ಪಕ್ಕದಲ್ಲಿ ಬಣ್ಣದಲ್ಲಿ ಬರೆಸಿಕೊಂಡಿದ್ದರು. ಆ ಸಿಮ್ ಗಾಳೆಮ್ಮನದು. ಶುರುವಿನಲ್ಲಿ ಸಿಮ್ ಕೇಳಿದಾಗ ಸಾವ್ಕಾರ, "ಯಾವ್ದಾರ ಹಾಕ್ಕ, ಆಮ್ಯಾಲ ನೋಡಾಮು," ಎಂದಿದ್ದ. ಅವಳು ತನ್ನ ಫೋಟೋ ಕೊಟ್ಟು ತನ್ನ ಹೆಸರಿನಲ್ಲಿ ತೆಗೆದಿದ್ದನ್ನೇ ಹಾಕಿದ್ದಳು. ಅವನ ಆ 'ಆಮ್ಯಾಲ' ಬರಲೇ ಇಲ್ಲ.

ಅವನಿಗೆ ಹಂಪೇಶ್ ಎಂಬ ಮಗ. ಇಂಜಿನಿಯರಿಂಗ್ ಮುಗಿಸಿ ಬಂದು ದೊಡ್ಡ ಕಾರು ಓಡಿಸುವುದನ್ನು ಕಲಿಯುತ್ತಿದ್ದ. ಅವನಿಗೆ ಸಂಡೂರಿನ ಗಣಿ ಮಾಲೀಕರೊಬ್ಬರ ಮನೆಯ ಹೆಣ್ಣು ಗೊತ್ತಾಗುವ ಹಾಗಿತ್ತು. ಹೆಣ್ಣಿನ ಕಡೆಯವರು ಹುಡುಗನ ಉದ್ಯೋಗ ನೋಡಬೇಕು ಎಂದು ಯಾರ್ಡಿಗೇ ಬಂದರು. ತೋರಿಸಲು ಏನಿದೆ? ಸಾವ್ಕಾರ ಅವರನ್ನು ನೇರ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಬಂದ. ಗಾಳೆಮ್ಮ ಅಲ್ಲೇ ಕೂತಿದ್ದಳು. ನಾನೂ ಅಲ್ಲೇ ಇದ್ದೆ, ಕೆಟ್ಟ ಮಾನಿಟರ್ ಬದಲಿಸಿ ಕೊಡಲು ಹೋಗಿದ್ದೆ.

"ಇದೆಲ್ಲ ನಮ್ಮ ಹಂಪೇಶ ಮಾಡಿದ್ದು ನೋಡ್ರಿ," ಎಂದ ಸಾವ್ಕಾರ. "ಈ ಲೈನಿನ್ಯಾಗ ಯಾವ ಯಾರ್ಡಿನ್ಯಾಗೂ ಇಲ್ಲ. ಅವಗ ಭಾಳ ತಲಿ."

ಬಂದವರು ತಲೆದೂಗಿದರು. ಹಂಪೇಶ್ ಗೋಡೆ ನೋಡಿದ. ಗಾಳೆಮ್ಮ ಬಾಯಿ ತೆರೆಯುವಷ್ಟರಲ್ಲಿ ಸಾವ್ಕಾರ ಅವಳ ಕಡೆ ತಿರುಗಿ, "ಏ ಹುಡುಗಿ, ಬೀಗರಿಗೆ ಕಾಫಿ ತಗಂಬಾ," ಎಂದ.

ಅವಳು ಎದ್ದಳು. ಕಾಫಿ ತರಲು ಹೋಗಲಿಲ್ಲ. "ಮಾಡಿದ್ದು ನಾನ್ರಿ," ಎಂದಳು. "ಬೇಕಂದ್ರ ಹಂಪೇಶಣ್ಣನ್ನ ಕೇಳ್ರಿ, ಒಂದು ಸಾಲು ಓದಿ ಹೇಳ್ಲಿ."

ಸಾವ್ಕಾರ ಹೊಟ್ಟೆ ಕುಣಿಸಿ ನಕ್ಕ. "ಟೈಪ್ ಮಾಡಾಕ ಇಟ್ಕಂಡೀವಿ. ಹಮಾಲಿ ಮೂಕನ ಮಗಳು," ಎಂದ. ಬಂದವರೂ ನಕ್ಕರು. ಅವರು ಕಾರು ಹತ್ತಿ ಹೋದ ಮೇಲೆ ಸಾವ್ಕಾರ ಅವಳ ಮುಂದೆ ಬಂದು ನಿಂತು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಮೂಕನ ಮಗಳು ಗಾಳೆಮ್ಮ ಇದನ್ನ ಮಾಡ್ಯಾಳ ಅಂತ ಹೇಳಿದ್ರ ಯಾರ್ ನಂಬ್ತಾರಲೇ? ನಿನ್ನ ಹೆಸರು ಹೇಳಿದ್ರ ಇದ್ರ ಕಿಮ್ಮತ್ತು ಹೋಗ್ತದ. ನಡಿ, ನಾಳಿಂದ ಬರಬ್ಯಾಡ."

ಕಿಟಕಿಯ ಹೊರಗೆ ಲಾರಿಯ ಮೇಲೆ ನಿಂತಿದ್ದ ಮೂಕಣ್ಣ ಎಲ್ಲ ಕೇಳಿಸಿಕೊಂಡಿದ್ದ. ಅವನು ತಾಡಪಾಲು ಮಡಚುವುದನ್ನು ನಿಲ್ಲಿಸಲಿಲ್ಲ. ಮುಂದಿನ ವಾರ ಊರಿನ ವಾರಪತ್ರಿಕೆಯಲ್ಲಿ ಕಂಪ್ಯೂಟರಿನ ಪಕ್ಕ ನಿಂತ ಹಂಪೇಶನ ಫೋಟೋ ಬಂತು. ಅದನ್ನು ಗಾಳೆಮ್ಮ ನನ್ನ ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಅಣ್ಣಾ, ಇದು ನಾ ಮಾಡಿದ್ದು ಅಂತ ಅವನ ಬಾಯಿಲೇ ಹೇಳಿಸ್ತೀನಿ," ಎಂದಳು. "ಅವನ ಯಾರ್ಡಿನ್ಯಾಗ, ಅವನ ಮೈಕಿನ್ಯಾಗ, ಡ್ರೈವರ್ ಎಲ್ಲಾ ಕೇಳಂಗ."

"ಪ್ರೋಗ್ರಾಮಿನ್ಯಾಗ ಏನಾರ ವೈರಸ್ ಬಿಡ್ತೀಯೇನು?" ನನಗೆ ನಿಜಕ್ಕೂ ಉತ್ಸಾಹ ಬಂದಿತ್ತು.

"ನಾ ಬರ್ದಿದ್ದನ್ನ ನಾನ ಕೆಡಿಸ್ಲ್ಯಾ?" ಎಂದು ನನ್ನ ಮೇಲೇ ಹರಿಹಾಯ್ದಳು. "ಅದಕ್ಕ ಕೈ ಹಚ್ಚಲ್ಲ."

ಮರುದಿನ ಗುರುತಿನ ಚೀಟಿ ತೆಗೆದುಕೊಂಡು ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ, ನನ್ನ ಸಿಮ್ ಬೇರೆಯವರ ಹತ್ತಿರ ಉಳಿದಿದೆ, ಅದನ್ನು ನಿಲ್ಲಿಸಿ ಅದೇ ನಂಬರಿನ ಹೊಸ ಸಿಮ್ ಕೊಡಿ ಎಂದಳು. ಫೋಟೋ ಅವಳದೇ, ಸಹಿ ಅವಳದೇ. ಕೊಟ್ಟರು. ಸಂಜೆಯ ಹೊತ್ತಿಗೆ ಯಾರ್ಡಿನ ಫೋನು ಸತ್ತಿತು. ನನ್ನ ಕೆಫೆಯ ಮೇಜಿನ ಮೇಲಿದ್ದ ಅವಳ ಫೋನು ಹೊಡೆದುಕೊಳ್ಳತೊಡಗಿತು.

ಆ ಸಂಜೆ ಅದು ನಿಲ್ಲದೆ ಹೊಡೆದುಕೊಂಡಿತು. ಒಂದೊಂದು ರಿಂಗಿಗೂ ನನಗೆ ದೊಡ್ಡಬಸಪ್ಪನ ಮುಖ ಕಾಣುತ್ತಿತ್ತು, ಹೊಟ್ಟೆ ತಣ್ಣಗಾಗುತ್ತಿತ್ತು.

ಸಾವ್ಕಾರ ಆಗಲೇ ಸುಮ್ಮನೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಬೇರೆ ಸಿಮ್ ತಂದ. ತಂದದ್ದಾದರೂ ಎಂಥದ್ದು? ಆ ಕಾಲದ ಅದಿರಿನವರಿಗೆ ಕಾರಿನ ನಂಬರು, ಫೋನಿನ ನಂಬರು ಎಲ್ಲ ಫ್ಯಾನ್ಸಿ ಆಗಬೇಕು. ಕೊನೆಗೆಲ್ಲ ಒಂಬತ್ತೇ ಇರುವ ಒಂದು ನಂಬರನ್ನು ಯಾರ ಯಾರ ಕೈಕಾಲು ಹಿಡಿದೋ ತರಿಸಿದ. ಯಾರ್ಡಿನ ಗೋಡೆಗೆ ಆಳೆತ್ತರ ಬರೆಸಿದ. ಬರೆಸಿದ ಮೇಲೆ ಇಷ್ಟು ಚೆಂದದ ನಂಬರನ್ನು ಮಷೀನಿಗೆ ಹಾಕಲು ಅವನಿಗೆ ಮನಸ್ಸೇ ಬರಲಿಲ್ಲ. ಸಿಮ್ಮನ್ನು ತನ್ನ ಕ್ಯಾಮೆರಾ ಫೋನಿಗೆ ಹಾಕಿಕೊಂಡು ಕಿಸೆಯಲ್ಲಿಟ್ಟುಕೊಂಡ. ಬಂದ ಮಿಸ್ ಕಾಲ್ ನೋಡಿ ಎರ್ರೆಪ್ಪ ಕೈಯಲ್ಲೇ ಸರದಿ ಬರೆದರೆ ಆಯಿತು ಎಂದ.

ಮಿಸ್ ಕಾಲ್ ಎಂದರೆ ಬಡವರು ಬಡವರಿಗೆ ಕೊಡುವುದು. ಒಂಬತ್ತುಗಳ ಸಾಲಿರುವ ನಂಬರು ಕಂಡರೆ ಯಾವ ಡ್ರೈವರಿಗೂ ಅದು ಯಾವುದೋ ದೊಡ್ಡ ಮನುಷ್ಯನದು ಎಂದು ಗೊತ್ತಾಗುತ್ತದೆ. ಅಂಥವರಿಗೆ ಯಾರೂ ಮಿಸ್ ಕಾಲ್ ಕೊಡುವುದಿಲ್ಲ. ಧೈರ್ಯ ಮಾಡಿ ಕೊಟ್ಟವನೊಬ್ಬನಿಗೆ ಊಟಕ್ಕೆ ಕೂತಿದ್ದ ಸಾವ್ಕಾರ ಎಂಜಲು ಕೈಯಲ್ಲೇ ತಿರುಗಿ ಫೋನ್ ಮಾಡಿ, "ಯಾವನಲೇ ನೀನು, ನನಗ ಮಿಸ್ ಕಾಲ್ ಕೊಡ್ತೀಯಾ?" ಎಂದು ಅವ್ವ ಅಕ್ಕ ಎಲ್ಲ ಸೇರಿಸಿ ಬೈದ. ಆ ಬೈಗಳು ದರೋಜಿಯಿಂದ ದೋಣಿಮಲೈವರೆಗಿನ ಎಲ್ಲ ಢಾಬಾಗಳಿಗೂ ಮುಟ್ಟಿತು. ಆಮೇಲೆ ಆ ನಂಬರನ್ನು ಯಾರೂ ಒತ್ತಲಿಲ್ಲ.

ಹಂಪೇಶ್ ತನ್ನ ಪಾಲಿನ ಜಾಣತನ ತೋರಿಸಿದ. ವೆಬ್‌ಸೈಟ್ ಮಾಡಿಸಿ, ಡ್ರೈವರುಗಳು ಇನ್ನು ಅದರಲ್ಲಿ ಸರದಿ ನೋಡಬೇಕು ಎಂದ. ಲಾರಿ ಬಿಟ್ಟು ಸ್ಟೇಷನ್ ರಸ್ತೆಯವರೆಗೆ ಬಂದು ಕೆಫೆಯಲ್ಲಿ ಕೂತು ಯಾವ ಡ್ರೈವರು ನೋಡುತ್ತಾನೆ? ಗಾಳೆಮ್ಮ ನನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿದಳು. ನರಿಯಲ್ಲಿ ಬಿಳಿ ಪರದೆ ಮಾತ್ರ ಬಂತು. ಅದು ತೆರೆಯಲು ನೀಲಿ ಇಯೇ ಬೇಕಂತೆ. ಅವತ್ತು ಅವಳು ನಕ್ಕಷ್ಟು ಮುಂದೆಂದೂ ನಗಲಿಲ್ಲ.

ಆ ನಗು ಮುಗಿಯುವ ಮೊದಲೇ ಉಚ್ಚೆಂಗೆಪ್ಪ ಒಳಗೆ ಬಂದ. ವಯಸ್ಸಾದ ಡ್ರೈವರು, ಮಿಸ್ ಕಾಲನ್ನು ಎಲ್ಲರಿಗಿಂತ ಮೊದಲು ನಂಬಿದವನು. ಮೈಮೇಲಿನ ಕೆಂಪು ಧೂಳು ಬೆವರಿಗೆ ಕೆಸರಾಗಿತ್ತು, ಹಣೆಯ ಮೇಲೆ ಪಟ್ಟಿ.

"ಯವ್ವಾ, ನಿನ್ನ ನಂಬರಿಗೆ ಮಿಸ್ ಕಾಲ್ ಕೊಟ್ಟು ಮಲಕ್ಕಂಡೆ," ಎಂದ. "ತಿರುಗಿ ಬರ್ಲೇ ಇಲ್ಲ. ಎದ್ದು ನೋಡಿದ್ರ ನನ್ನ ಮುಂದ ಎಲ್ಲಾರೂ ನುಗ್ಯಾರ. ಕೇಳಾಕ ಹೋದ್ರ ರಾಡಿನಿಂದ ಹೊಡದ್ರು. ಸಾವ್ಕಾರ ನಿನಗ ಅನ್ಯಾಯ ಮಾಡ್ಯಾನ, ಹೌದು. ನಾ ಏನ್ ಮಾಡಿದ್ನವ್ವ?"

ಗಾಳೆಮ್ಮ ಕುರ್ಚಿಯಿಂದ ಎದ್ದಳು. ಅವನ ಹಣೆ ನೋಡಿದಳು, ಮೇಜಿನ ಮೇಲೆ ಹೊಡೆದುಕೊಳ್ಳುತ್ತಿದ್ದ ಫೋನು ನೋಡಿದಳು. ಅದುವರೆಗೆ ನಮಗಿಬ್ಬರಿಗೂ ಅದು ಸಾವ್ಕಾರನ ಸಂಕಟವಾಗಿ ಕೇಳಿಸುತ್ತಿತ್ತು. ಒಂದೊಂದು ರಿಂಗೂ ಒಬ್ಬೊಬ್ಬ ಡ್ರೈವರು ಎಂಬುದು ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ನಾನು ಸುಮ್ಮನಿರುತ್ತಿದ್ದೆನೇನೋ, ಅಷ್ಟು ಸಿಟ್ಟಿತ್ತು.

"ಬಿಟ್ಟುಬಿಡ್ತೀಯಾ ಹಂಗಾರ?" ಎಂದು ಕೇಳಿದೆ.

"ಬಿಡೋದೇನು? ಹಿಡಿಯಾಕ ಬರ್ತಿದ್ದಿಲ್ಲ ನನಗ, ಈಗ ಬಂತು," ಎಂದಳು.

ನನ್ನ ಮೂಲೆಯ ಕಂಪ್ಯೂಟರಿನಲ್ಲಿ ಅವಳ ಪ್ರೋಗ್ರಾಮು ಇದ್ದೇ ಇತ್ತು. ಫೋನಿಗೆ ಕೇಬಲ್ ಜೋಡಿಸಿ ಅಲ್ಲಿಂದಲೇ ಸರದಿ ನಡೆಸತೊಡಗಿದಳು. ಉಚ್ಚೆಂಗೆಪ್ಪ ಢಾಬಾಗಳಲ್ಲಿ ಕೂತು ಡ್ರೈವರುಗಳಿಗೆಲ್ಲ ಹೇಳಿದ: ನಮ್ಮ ಸರದಿ ಗಾಳೆಮ್ಮನ ನಂಬರಿನಲ್ಲಿ ಇದ್ದ ಹಾಗೆ, ಎರ್ರೆಪ್ಪ ಹೇಳಿದ ಹಾಗಲ್ಲ. ಯಾರ್ಡಿನ ಗೇಟಿನಲ್ಲಿ ಎರ್ರೆಪ್ಪ ಒಬ್ಬನನ್ನು ಕೂಗಿದರೆ ಅವನು ಗಾಡಿ ಎತ್ತುತ್ತಿರಲಿಲ್ಲ. ಇನ್ನೂ ನನ್ನ ಫೋನ್ ಹೊಡೆದಿಲ್ಲರಿ ಎಂದು ಬೀಡಿ ಹಚ್ಚಿಕೊಂಡು ಕೂರುತ್ತಿದ್ದ. ಯಾರ್ಡು ಸಾವ್ಕಾರನದೇ, ಗೇಟೂ ಅವನದೇ. ಆದರೆ ಯಾವ ಲಾರಿ ಯಾವಾಗ ಒಳಗೆ ಬರಬೇಕು ಎಂಬುದು ಸ್ಟೇಷನ್ ರಸ್ತೆಯ ನನ್ನ ಮುರುಕು ಕೆಫೆಯಲ್ಲಿ ತೀರ್ಮಾನವಾಗುತ್ತಿತ್ತು. ಪಕ್ಕದ ಯಾರ್ಡಿನವರು ಬಂದು, ನಮಗೂ ಇದನ್ನು ಮಾಡಿಕೊಡವ್ವ ಎಂದರು. ಕೆಲವು ಲಾರಿಗಳು ಆ ಕಡೆ ಹೊರಳಿಯೂ ಬಿಟ್ಟವು. ದೊಡ್ಡಬಸಪ್ಪನ ಯಾರ್ಡಿನ ಸೈಡಿಂಗ್ ಹಳಿಯಲ್ಲಿ ರೈಲಿನ ಡಬ್ಬಿಗಳು ಖಾಲಿ ನಿಂತವು.

ಅವನು ಮೊದಲು ಎರ್ರೆಪ್ಪನನ್ನು ಕಳಿಸಿದ, ದುಡ್ಡು ಕೊಟ್ಟು. ವಾಪಸ್ ಹೋಯಿತು. ಆಮೇಲೆ ಪೊಲೀಸು ಎಂದು ಹೆದರಿಸಿದ. ಸಿಮ್ ಯಾರ ಹೆಸರಿನಲ್ಲಿದೆ ಎಂದು ಅವರು ಕೇಳಿದ ಮೇಲೆ ಸುಮ್ಮನಾದ. ಮೂಕಣ್ಣನನ್ನು ಕರೆದು ಏನೆಂದನೋ, ಮುದುಕ ಮಗಳ ಹತ್ತಿರ ಬಂದು, "ಕೊಟ್ಟುಬಿಡವ್ವ, ದೊಡ್ಡೋರ ಕೂಡ ನಮಗ್ಯಾಕ?" ಎಂದು ಗೋಗರೆದ. "ನೀ ಸುಮ್ನಿರಪ್ಪ," ಎಂದಳು. ಕೊನೆಗೆ ಸಾವ್ಕಾರನೇ ಬಂದ. ನನ್ನ ಕೆಫೆಯ ಪ್ಲಾಸ್ಟಿಕ್ ಕುರ್ಚಿಯ ಧೂಳನ್ನು ತಾನೇ ಒರೆಸಿಕೊಂಡು ಕೂತ. ನಾನು ಒರೆಸಿಕೊಡಲಿಲ್ಲ.

"ಏನಾಗಬೇಕಮ್ಮ ನಿನಗ?" ಎಂದ. ಹುಡುಗಿ ಹೋಗಿ ಅಮ್ಮ ಆಗಿತ್ತು.

"ಯಾರ್ಡಿನ ಮೈಕಿನ್ಯಾಗ ಹೇಳ್ರಿ. ಯಾರ್ ಮಾಡಿದ್ದು ಅಂತ."

"ಬೀಗರ ಕಿವಿಗೆ ಬಿದ್ರ ನನ್ನ ಮರ್ಯಾದಿ ಏನಾಗಬೇಕು?"

"ಅದನ್ನ ಕಾಫಿ ತಗಂಬಾ ಅಂದಾಗ ವಿಚಾರ ಮಾಡಬೇಕಿತ್ರಿ."

ಅವನು ಬೆವರು ಒರೆಸಿಕೊಂಡು ಎದ್ದು ಹೋದ. ಮರುದಿನ ಮಧ್ಯಾಹ್ನ ಬಾ ಎಂದು ಹೇಳಿ ಕಳಿಸಿದ.

ನಾನೇ ಅವಳನ್ನು ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಕೆಫೆಗೆ ಬೀಗ ಹಾಕಿದ್ದೆ, ಇದನ್ನು ತಪ್ಪಿಸಿಕೊಳ್ಳುವವನು ನಾನಲ್ಲ. ಯಾರ್ಡಿನಲ್ಲಿ ಡ್ರೈವರುಗಳು ಲಾರಿಯಿಂದ ಇಳಿದು ಗುಂಪುಗೂಡಿದ್ದರು. ಮೂಕಣ್ಣ ಒಂದು ಲಾರಿಯ ಪಕ್ಕ ಹಗ್ಗ ಹಿಡಿದು ನಿಂತಿದ್ದ. ಸಾವ್ಕಾರ ಮೈಕು ಹಿಡಿದ. ಲಾರಿ ನಂಬರು ಕೂಗಲು ಇಟ್ಟಿದ್ದ ಮೈಕದು, ಸಿಳ್ಳೆ ಹೊಡೆಯಿತು.

"ಎಲ್ಲಾರೂ ಕೇಳ್ರಿ. ಈ ಮಿಸ್ ಕಾಲ್ ವ್ಯವಸ್ಥಾ ಮಾಡಿದ್ದು ನಮ್ಮ ಯಾರ್ಡಿನ ಒಬ್ಬಾಕಿ ಹುಡುಗಿ."

"ಹೆಸರು," ಎಂದಳು ಗಾಳೆಮ್ಮ.

"ಗಾಳೆಮ್ಮ."

"ಯಾರ ಮಗಳು?"

ಅವನ ಕುತ್ತಿಗೆ ಕೆಂಪಾಯಿತು. "ಮೂಕಣ್ಣನ ಮಗಳು."

"ಹಂಪೇಶಣ್ಣ?"

ಅವನು ಮೈಕಿನ ಮೇಲೆ ಕೈ ಮುಚ್ಚಿ ಅವಳನ್ನು ನೋಡಿದ. ಅವಳು ಕಣ್ಣು ಕದಲಿಸಲಿಲ್ಲ. ಕೈ ತೆಗೆದು, "ನನ್ನ ಮಗ ಮಾಡಿದ್ದಲ್ಲ," ಎಂದ.

ಉಚ್ಚೆಂಗೆಪ್ಪ ತನ್ನ ಲಾರಿಯ ಹಾರ್ನ್ ಒತ್ತಿದ. ಇನ್ನೊಬ್ಬ ಒತ್ತಿದ. ಆಮೇಲೆ ಸಂಡೂರು ರಸ್ತೆಯ ಉದ್ದಕ್ಕೂ ನಿಂತಿದ್ದ ಲಾರಿಗಳೆಲ್ಲ ಹೊಡೆದುಕೊಂಡವು. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಸದ್ದು ಇಳಿದ ಮೇಲೆ ಸಾವ್ಕಾರ ಅಂಗೈ ಚಾಚಿದ.

"ಆತಲ್ಲ. ತಾ ಸಿಮ್ಮು."

"ಕೊಡ್ತೀನಂತ ನಾ ಯಾವಾಗ ಅಂದೆ?" ಎಂದಳು ಗಾಳೆಮ್ಮ. "ಕದ್ದದ್ದನ್ನ ಕದ್ದೆ ಅಂತ ಒಪ್ಕಂಡ್ರಿ. ಅದಕ್ಕ ಬಹುಮಾನ ಕೊಡ್ತಾರೇನ್ರಿ? ಇನ್ಮ್ಯಾಗ ಈ ನಂಬರು ಎಲ್ಲಾ ಯಾರ್ಡಿಗೂ ನಡೀತದ. ನಿಮಗೂ ಬೇಕಂದ್ರ ಹೇಳ್ರಿ, ಸರದಿ ಬಂದಾಗ ನೋಡ್ತೀನಿ."

ಕೊಡುತ್ತಾಳೆ ಎಂದೇ ನಾನೂ ತಿಳಿದಿದ್ದೆ. ಕೊಡುವುದಿಲ್ಲ ಎಂದಾಗ ಕುಣಿಯಬೇಕು ಅನ್ನಿಸಿತು. ಸಾವ್ಕಾರನ ಚಾಚಿದ ಕೈ ಹಾಗೇ ಇತ್ತು. ಅವಳನ್ನು ಏನೂ ಮಾಡಲಾಗದೆ ಅವನು ಮೂಕಣ್ಣನ ಕಡೆ ತಿರುಗಿ, "ನೋಡಿದ್ಯೇನಲೇ ಮೂಕಾ, ನನ್ನ ಅನ್ನ ತಿಂದು ಇಂಥಾಕಿನ್ನ ಬೆಳಸಿದ್ಯಲ್ಲ!" ಎಂದು ಅರಚಿದ.

ಮೂಕಣ್ಣನ ಕೈಯಿಂದ ಹಗ್ಗ ಬಿತ್ತು. ಅವನು ಓಡಿ ಬಂದು ಎಲ್ಲರ ಮುಂದೆ ಸಾವ್ಕಾರನಿಗೆ ಎರಡೂ ಕೈ ಮುಗಿದ. "ತಪ್ಪಾತ್ರಿ ಸಾವ್ಕಾರ್ರ. ಸಣ್ಣಾಕಿ, ತಿಳೀದು. ಹೊಟ್ಟಿಗೆ ಹಾಕ್ಕಳ್ರಿ."

ಅವತ್ತು ಮೊದಲ ಬಾರಿಗೆ ಸಾವ್ಕಾರ ನಕ್ಕ. ದೊಡ್ಡ ನಗುವಲ್ಲ, ತುಟಿಯ ಒಂದು ಕೊನೆಯಲ್ಲಿ. ಮೈಕಿನಲ್ಲಿ ಹೇಳಿದ್ದೆಲ್ಲ ಆ ನಗುವಿನಲ್ಲಿ ಅವನಿಗೆ ವಾಪಸ್ ಬಂದುಬಿಟ್ಟಿತ್ತು. ಗಾಳೆಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದೆ. ನನಗೆ ಆ ಮುದುಕನ ಮೇಲೆ ಬಂದ ಸಿಟ್ಟು ಹೇಳತೀರದು.

ಅವಳು ಅಪ್ಪನ ಮುಂದೆ ಹೋಗಿ, ಮುಗಿದ ಕೈಗಳನ್ನು ತನ್ನೆರಡೂ ಕೈಯಲ್ಲಿ ಹಿಡಿದು ಬಿಡಿಸಲು ನೋಡಿದಳು. ಅವನು ಬಿಗಿಯಾಗಿ ಹಿಡಿದುಕೊಂಡಿದ್ದ.

"ಬಿಡಪ್ಪಾ."

"ಸುಮ್ನಿರವ್ವಾ, ನಿನಗ ತಿಳೀದಿಲ್ಲ."

"ಮೈಕಿನ್ಯಾಗ ಹೇಳಿದ್ದು ಕೇಳ್ದೇನಪ್ಪಾ? ಗಾಳೆಮ್ಮ ಅಂತ ಅಷ್ಟ ಹೇಳಿಸಿದ್ರ ಸಾಕಿತ್ತು ನನಗ. ಮೂಕಣ್ಣನ ಮಗಳು ಅಂತ ಯಾಕ ಹೇಳಿಸ್ದೆ?" ಇಷ್ಟೆಲ್ಲ ಆದರೂ ಅಳದಿದ್ದವಳು ಈಗ ಅಳುತ್ತಿದ್ದಳು. "ನನಗ ಟೈಪಿಸ್ಟ್ ಅಂದ. ನಿನಗ ಏನೂ ಅಲ್ಲ ಅಂದ. ಅದನ್ನ ಅವನ ಬಾಯಿಲೇ ತಿರುಗಿ ನುಂಗಿಸೀನಿ. ನೀ ಕೈ ಮುಗುದು ಅವನಿಗೆ ಅದನ್ನ ಮತ್ತ ಕೊಡಬ್ಯಾಡ. ಇಳಸು."

ಮೂಕಣ್ಣ ಮಗಳನ್ನು ನೋಡಿದ. ಸುತ್ತ ನಿಂತ ಡ್ರೈವರುಗಳನ್ನು ನೋಡಿದ. ಕೈಗಳು ಸಡಿಲವಾದವು, ಮೆಲ್ಲಗೆ ಬೇರೆಯಾದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಟವಲಿಗೆ ಒರೆಸಿಕೊಂಡ, ಕೊನೆಗೆ ಎರಡೂ ಪಕ್ಕಕ್ಕೆ ಇಳಿಬಿಟ್ಟು ಸಾವ್ಕಾರನ ಎದುರು ನೆಟ್ಟಗೆ ನಿಂತ. ದೊಡ್ಡಬಸಪ್ಪನ ತುಟಿಯ ನಗು ಅಲ್ಲೇ ಆರಿತು. ನಾನು ಅದನ್ನು ಕಣ್ಣಾರೆ ನೋಡಿದೆ, ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ತುಂಬುತ್ತದೆ.